ಎಂ98ರಲ್ಲಿ ಹೋಗಿ, ಎಂ99ರಲ್ಲಿ ವಾಪಸ್

ಬೆಂಗಳೂರಿನಿಂದ ಬರುವ ರೈಲು ಅರಸೀಕೆರೆ, ಕಡೂರು ದಾಟಿ ಬೀರೂರು ತಲುಪಿತೆಂದರೆ ನಮ್ಮ ಕಡೆಯವರು ನಿದ್ದೆ ತಿಳಿದು ಎದ್ದು ಕೂರುತ್ತಾರೆ. ಅಲ್ಲಿಂದ ಹಳಿ ಎರಡು ದಾರಿ ಹಿಡಿಯುತ್ತದೆ. ಒಂದು ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ. ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರಿನ ಮೇಲೆ ಹುಬ್ಬಳ್ಳಿಗೆ. ಚಿಕ್ಕಂದಿನಲ್ಲಿ ಈ ಜಂಕ್ಷನ್ ಬಗ್ಗೆ ನನಗಿದ್ದ ಬೆರಗು ಒಂದೇ. ಶಿವಮೊಗ್ಗದ ಕವಲಿಗೆ ಹೋದ ಗಾಡಿ ಅಲ್ಲಿ ಏನೇ ಮಾಡಿರಲಿ, ವಾಪಸ್ ಬರುವಾಗ ಬೀರೂರಿಗೇ ಬರುತ್ತದೆ, ಬಂದು ಬಿಟ್ಟುಹೋದ ದಾರಿಯನ್ನೇ ಮತ್ತೆ ಹಿಡಿಯುತ್ತದೆ. ಮುಂದೆ ಬೆಂಗಳೂರಿನ ಪೀಣ್ಯದ ಮೆಷಿನ್ ಶಾಪುಗಳಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದಾಗ ಎಂ98, ಎಂ99 ಎಂಬ ಎರಡು ಆಜ್ಞೆಗಳನ್ನು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಎಂ98 ಎಂದರೆ ಕವಲಿಗೆ ಹೋಗು, ಎಂ99 ಎಂದರೆ ಬೀರೂರಿಗೆ ವಾಪಸ್ ಬಾ.

ಈ ಲೇಖನಕ್ಕೆ ನೆಪವಾದದ್ದು ಒಂದು ಪೆನ್‌ಡ್ರೈವ್. ಕಡೂರಿನ ಹೊರಗೆ ನಮ್ಮ ಚಿಕ್ಕಪ್ಪನ ಮಗ ಒಂದು ವರ್ಕ್‌ಶಾಪ್ ಇಟ್ಟಿದ್ದಾನೆ. ಎರಡು ಹಳೆ ಲೇತ್, ಒಂದು ವೆಲ್ಡಿಂಗ್ ಸೆಟ್, ಟ್ರ್ಯಾಕ್ಟರ್ ಭಾಗಗಳ ರಿಪೇರಿ, ಸೀಸನ್ನಿನಲ್ಲಿ ಅಡಿಕೆ ಸುಲಿಯುವ ಯಂತ್ರಗಳ ಕೆಲಸ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ವಿಎಂಸಿ ಒಂದನ್ನು ತಂದ, ಅಂದರೆ ಲಂಬವಾಗಿ ನಿಂತ ಸ್ಪಿಂಡಲ್ ಇರುವ, ಟೂಲನ್ನು ತಾನೇ ಬದಲಿಸಿಕೊಳ್ಳುವ ಮಿಲ್ಲಿಂಗ್ ಯಂತ್ರ. ಹೊರಗಿನಿಂದ ಬಂದ ಮೊದಲ ದೊಡ್ಡ ಆರ್ಡರಿನಲ್ಲೇ ತೂತಿನೊಳಗೆ ಮರೆ (ಥ್ರೆಡ್) ಕೊರೆಯುವ ಒಂದು ಟ್ಯಾಪ್ ಮುರಿದು ಜಾಬ್ (ಕೊರೆಯಲು ಕಟ್ಟಿದ ಲೋಹದ ತುಂಡು) ಒಳಗೆ ಕೂತಿತು. ಫೋನ್ ಬಂತು, ಹೋದೆ.

"ಪ್ರೋಗ್ರಾಂ ಎಲ್ಲಿದೆ ತೋರಿಸೋ" ಎಂದೆ.

"ಎಲ್ಲಿದೆ ಅಂತ ಕೇಳ್ಬೇಡಣ್ಣ, ಯಾವ್ದು ಅಂತ ಕೇಳು" ಎಂದು ಪೆನ್‌ಡ್ರೈವ್ ಮುಂದಿಟ್ಟ.

ಅದರಲ್ಲಿ ಮೂವತ್ತೇಳು ಫೈಲುಗಳಿದ್ದವು. ಫ್ಲ್ಯಾಂಜ್, ಫ್ಲ್ಯಾಂಜ್ ಹೊಸದು, ಫ್ಲ್ಯಾಂಜ್ ಫೈನಲ್, ಫ್ಲ್ಯಾಂಜ್ ಫೈನಲ್ ಎರಡು, ಫ್ಲ್ಯಾಂಜ್ ಇದೇ ಸರಿ. ಇವೆಲ್ಲದರ ಮೇಲೆ ಯಜಮಾನನ ಹಾಗೆ ಓ0001 ಎಂಬ ಒಂದು ಫೈಲು. ಅದರಲ್ಲಿ ಏನಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಮೆಷಿನ್ ಜೊತೆಗೇ ಬಂದದ್ದಂತೆ.

ಸಿಎನ್‌ಸಿ ಮೆಷಿನ್ ಹತ್ತಿರ ಹೋಗದವರಿಗಾಗಿ ಎರಡು ಮಾತು. ಈ ಮೆಷಿನ್ನಿಗೆ ಕೊಡುವ ಪ್ರೋಗ್ರಾಂ ಸಾಲುಸಾಲಾಗಿ ಬರೆದ ಸಾಮಾನ್ಯ ಅಕ್ಷರಗಳ ಫೈಲು. ಜಿ ಎಂದು ಶುರುವಾಗುವ ಆಜ್ಞೆಗಳು ಹೆಚ್ಚಾಗಿ ಚಲನೆಯವು: ಜಿ00 ಎಂದರೆ ಗಾಳಿಯಲ್ಲಿ ಓಡು, ಜಿ01 ಎಂದರೆ ಲೋಹ ಕೊರೆಯುತ್ತ ನೇರ ನಡೆ, ಜಿ02 ಮತ್ತು ಜಿ03 ಎಂದರೆ ಬಳಸಿಕೊಂಡು ಹೋಗು. ಎಂ ಎಂದು ಶುರುವಾಗುವವು ಮೆಷಿನ್ನಿನ ಸ್ವಿಚ್ಚುಗಳು: ಎಂ03 ಸ್ಪಿಂಡಲ್ ತಿರುಗಿಸುತ್ತದೆ, ಎಂ06 ಟೂಲ್ ಬದಲಿಸುತ್ತದೆ, ಎಂ08 ಕೂಲಂಟ್ ಬಿಡುತ್ತದೆ, ಎಂ30 ಆಟ ಮುಗಿಸುತ್ತದೆ. ಉಳಿದದ್ದು ಎಕ್ಸ್, ವೈ, ಝಡ್ ಎಂಬ ಮೂರು ದಿಕ್ಕಿನ ಅಂಕಿಗಳು. ಭಾಷೆ ಇಷ್ಟೇ, ಐಟಿಐ ಹುಡುಗರು ತಿಂಗಳೊಪ್ಪತ್ತಿನಲ್ಲಿ ಕಲಿಯುತ್ತಾರೆ. ಕಲಿಯಲು ವರ್ಷಗಳು ಹಿಡಿಯುವುದು ಯಾವ ಸಾಲು ಯಾವ ಫೈಲಿನಲ್ಲಿರಬೇಕು ಎಂಬ ಲೆಕ್ಕ. ಅದನ್ನು ಪಠ್ಯದಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಮುರಿದ ಟ್ಯಾಪಿಗೆ ಬರೋಣ. ಜಾಬ್ ಒಂದು ಬೇರಿಂಗ್ ಹೌಸಿಂಗಿನ ಫ್ಲ್ಯಾಂಜ್. ವೃತ್ತದ ಮೇಲೆ ಸಮ ಅಂತರದಲ್ಲಿ ಆರು ತೂತು, ಪ್ರತಿ ತೂತಿಗೂ 8 ಮಿ.ಮೀ. ಮರೆ. ಒಂದು ತೂತಿಗೆ ಮೂರು ಟೂಲ್ ಬೇಕು. ಮೊದಲು ಸೆಂಟರ್ ಡ್ರಿಲ್, ಆಮೇಲೆ 6.8ರ ಡ್ರಿಲ್, ಕೊನೆಗೆ ಟ್ಯಾಪ್. ಟೇಬಲ್ ಮೇಲೆ ಒಂದೇ ಸಲಕ್ಕೆ ನಾಲ್ಕು ಫ್ಲ್ಯಾಂಜ್ ಕಟ್ಟಿದ್ದ, ಅವುಗಳ ಸ್ಥಾನಗಳಿಗೆ ಜಿ54ರಿಂದ ಜಿ57ರವರೆಗೆ ಹೆಸರು. ಆರು ತೂತು, ಮೂರು ಟೂಲ್, ನಾಲ್ಕು ಜಾಬ್: 72 ಸಾಲು. ಅಷ್ಟನ್ನೂ ನನ್ನ ತಮ್ಮ ಒಂದೇ ಫೈಲಿನಲ್ಲಿ ಸಾಲಾಗಿ ಬರೆದಿದ್ದ. ಬರೆದಿದ್ದ ಎನ್ನುವುದಕ್ಕಿಂತ ನಕಲು ಮಾಡಿದ್ದ. ಮೊದಲ ಆರು ಸಾಲು ಅವನದು, ಉಳಿದ ಹನ್ನೊಂದು ಗುಂಪುಗಳು ಕಾಪಿ.

ಆಮೇಲೆ ಡ್ರಾಯಿಂಗ್ ಬದಲಾಯಿತು. ತೂತುಗಳ ವೃತ್ತದ ವ್ಯಾಸ 120 ಇದ್ದದ್ದು 125 ಆಯಿತು. ಅಂದರೆ ಎಕ್ಸ್60 ಇದ್ದಲ್ಲಿ ಎಕ್ಸ್62.5, ಎಕ್ಸ್30 ವೈ51.962 ಇದ್ದಲ್ಲಿ ಎಕ್ಸ್31.25 ವೈ54.127. ರಾತ್ರಿ ಕೂತು ಹನ್ನೆರಡು ಕಡೆ ತಿದ್ದಬೇಕಿತ್ತು. ಹನ್ನೊಂದು ಕಡೆ ತಿದ್ದಿದ. ತಪ್ಪಿದ್ದು ಕಟ್ಟಕಡೆಯದು, ನಾಲ್ಕನೇ ಜಾಬಿನ ಟ್ಯಾಪ್. ಡ್ರಿಲ್ ಹೊಸ ಜಾಗದಲ್ಲಿ ತೂತು ಕೊರೆದಿತ್ತು, ಟ್ಯಾಪ್ ಎರಡೂವರೆ ಮಿ.ಮೀ. ಪಕ್ಕದ ಹಳೆಯ ಜಾಗಕ್ಕೆ ಇಳಿಯಿತು. ಟ್ಯಾಪಿನದೇನೂ ತಪ್ಪಿರಲಿಲ್ಲ.

ಇದನ್ನು ಫೈಲು ಒಡೆದು ಬರೆಯುವುದು ಹೇಗೆ? ಆರು ತೂತುಗಳ ಜಾಗಗಳನ್ನಷ್ಟೇ ಓ1001 ಎಂಬ ಬೇರೆ ಫೈಲಿನಲ್ಲಿಡಬೇಕು. ಅದರಲ್ಲಿ ಟೂಲ್ ಇಲ್ಲ, ವೇಗವಿಲ್ಲ, ಆಳವಿಲ್ಲ. ಆರು ಸಾಲು ಅಂಕಿ, ಏಳನೇ ಸಾಲು ಎಂ99. ನಾಲ್ಕು ಜಾಬುಗಳನ್ನು ಸುತ್ತುವ ಕೆಲಸ ಓ1002ರದು: ಜಿ54 ಹಾಕಿ 1001ನ್ನು ಕರೆ, ಜಿ55 ಹಾಕಿ ಕರೆ, ಹೀಗೆ ನಾಲ್ಕು ಸಲ. ಮುಖ್ಯ ಪ್ರೋಗ್ರಾಂ ಓ1000ದಲ್ಲಿ ಮೊದಲ ಟೂಲ್ ತೆಗೆದುಕೊಂಡು, ತೂತು ಹಾಕುವ ರೀತಿಯನ್ನು ಜಿ81ರಲ್ಲಿ ಹೇಳಿ, "ಎಂ98 ಪಿ1002". ಎರಡನೇ ಟೂಲಿಗೆ ರೀತಿ ಬೇರೆ, ಕರೆ ಅದೇ. ಮೂರನೆಯದು ಟ್ಯಾಪಿಂಗ್, ಜಿ84, ಮತ್ತೆ ಅದೇ ಕರೆ. ವೃತ್ತ 120 ಇದ್ದದ್ದು 125 ಆದರೆ ತಿದ್ದಬೇಕಾದದ್ದು ಆರು ಸಾಲು, ಒಂದೇ ಫೈಲಿನಲ್ಲಿ. ಅಲ್ಲಿ ತಪ್ಪಿದರೆ ಮೂರೂ ಟೂಲು ಒಟ್ಟಿಗೆ ತಪ್ಪುತ್ತವೆ. ಫ್ಲ್ಯಾಂಜ್ ಹಾಳಾದೀತು, ಟ್ಯಾಪ್ ಉಳಿಯುತ್ತದೆ. ಮೇಲಾಗಿ ತಪ್ಪು ಮೊದಲ ಟೂಲಿನಲ್ಲೇ, ಸೆಂಟರ್ ಡ್ರಿಲ್ ಚುಕ್ಕೆ ಇಟ್ಟ ಕೂಡಲೇ ಕಣ್ಣಿಗೆ ಬೀಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಹೊಸಬರು ಎಡವುವುದು ಇಲ್ಲೇ. ಜಿ81 ಎಂದು ಬರೆದ ಸಾಲಿನಲ್ಲಿ ಜಾಗದ ಅಂಕಿಯೂ ಇದ್ದರೆ ಮೆಷಿನ್ ನಿಂತ ಕಾಲಲ್ಲಿ ಅಲ್ಲೇ ಒಂದು ತೂತು ಹಾಕಿಬಿಡುತ್ತದೆ. "ರೀತಿಯನ್ನು ನೆನಪಿಟ್ಟುಕೋ, ಈಗಲೇ ಕೊರೆಯಬೇಡ" ಎನ್ನಬೇಕಾದರೆ ಫ್ಯಾನುಕ್ ಕಂಪನಿಯ ಕಂಟ್ರೋಲಿನಲ್ಲಿ (ಮೆಷಿನ್ನನ್ನು ನಡೆಸುವ ಕಂಪ್ಯೂಟರಿನಲ್ಲಿ) ಆ ಸಾಲಿನ ಕೊನೆಗೆ ಕೆ0 ಸೇರಿಸಬೇಕು. ಸೇರಿಸದೆ ಫ್ಲ್ಯಾಂಜಿನ ನಟ್ಟನಡುವೆ ಏಳನೇ ತೂತು ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಪದೇಪದೇ ಬೇಕಾಗುವ ತುಣುಕನ್ನು ಒಂದೇ ಕಡೆ ಇಟ್ಟು ಕರೆಯುವ ಈ ಉಪಾಯ ಮೆಷಿನ್ ಶಾಪಿನದಲ್ಲ. 1949ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೆಲಸ ಶುರುಮಾಡಿದ ಎಡ್ಸಾಕ್ ಕಂಪ್ಯೂಟರಿನ ಬಳಿ ಇಂಥ ತುಣುಕುಗಳ ಭಂಡಾರವೇ ಇತ್ತು. ಒಂದೊಂದು ತುಣುಕೂ ತೂತು ಹೊಡೆದ ಒಂದೊಂದು ಕಾಗದದ ಪಟ್ಟಿ. ಬೇಕಾದವರು ಪಟ್ಟಿ ತೆಗೆದು ತಮ್ಮ ಪ್ರೋಗ್ರಾಮಿನ ಪಟ್ಟಿಗೆ ನಕಲು ಮಾಡಿಕೊಳ್ಳಬೇಕಿತ್ತು. ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು ಇದರ ಬಗ್ಗೆ 1951ರಲ್ಲಿ ಪುಸ್ತಕ ಬರೆದರು. ಮರುವರ್ಷ, 1952ರಲ್ಲಿ, ಅಮೆರಿಕದ ಎಂಐಟಿಯಲ್ಲಿ ಅಂಕಿಗಳಿಂದ ನಡೆಯುವ ಮೊದಲ ಮಿಲ್ಲಿಂಗ್ ಮೆಷಿನ್ನಿನ ಪ್ರದರ್ಶನವಾಯಿತು. ಅದೂ ಓದುತ್ತಿದ್ದದ್ದು ತೂತು ಹೊಡೆದ ಪಟ್ಟಿಯನ್ನೇ.

ಆ ಪಟ್ಟಿಯ ನೆನಪು ಇನ್ನೂ ಹೋಗಿಲ್ಲ. ಫ್ಯಾನುಕ್ ಕಂಟ್ರೋಲುಗಳ ಕ್ಯಾಟಲಾಗಿನಲ್ಲಿ ಮೆಮೊರಿಯನ್ನು ಬಹಳ ಕಾಲ ಮೀಟರ್ ಲೆಕ್ಕದಲ್ಲೇ ಬರೆಯುತ್ತಿದ್ದರು: 80 ಮೀಟರ್, 160 ಮೀಟರ್, 640 ಮೀಟರ್. ಅಷ್ಟು ಉದ್ದದ ಪಟ್ಟಿಯಲ್ಲಿ ಹಿಡಿಸುವಷ್ಟು ಪ್ರೋಗ್ರಾಂ ಎಂದರ್ಥ. ಇಂಚಿಗೆ ಹತ್ತು ಅಕ್ಷರವಾದರೆ 80 ಮೀಟರಿಗೆ ಸುಮಾರು 31,500 ಅಕ್ಷರ, ಇಂದಿನ ಒಂದು ವಾಟ್ಸ್ಆ್ಯಪ್ ಫೋಟೊ ಕೂಡ ಅದರಲ್ಲಿ ಕೂರುವುದಿಲ್ಲ. ಆ ಕಾಲದವರು ಫೈಲು ಒಡೆದು ಬರೆದದ್ದು ಶಿಸ್ತಿಗಾಗಿ ಅಲ್ಲ, ಜಾಗವಿಲ್ಲದ್ದಕ್ಕೆ. 72 ಸಾಲು ಬರೆದು ದುಂದುಮಾಡಲು ಮೆಷಿನ್ ಬಿಡುತ್ತಲೇ ಇರಲಿಲ್ಲ. ಈಗ ಜಿಬಿಗಟ್ಟಲೆ ಕಾರ್ಡು ಹಾಕಿಕೊಂಡ ಮೇಲೆ ನಕಲು ಮಾಡುವುದು ಪುಕ್ಕಟೆಯಾಯಿತು, ಒಡೆದು ಬರೆಯುವ ಅಭ್ಯಾಸ ತಪ್ಪಿತು. ಹಳೆಯ ಎಂಟಾಣೆ ವಹಿಯಲ್ಲಿ ಒತ್ತೊತ್ತಾಗಿ ಲೆಕ್ಕ ಬರೆಯುತ್ತಿದ್ದ ಅಂಗಡಿಯವರ ಮಕ್ಕಳು ಪುಟಕ್ಕೆ ಮೂರು ಸಾಲು ಬರೆದು ಹಾಳೆ ತಿರುಗಿಸಿದ ಹಾಗೆ.

ಕರ್ನಾಟಕಕ್ಕೆ ಈ ವಿದ್ಯೆ ದೂರದಿಂದೇನೂ ಬರಬೇಕಾಗಿರಲಿಲ್ಲ. 1953ರಲ್ಲಿ ಎಚ್‌ಎಂಟಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ನೆಲೆಯೂರಿತು. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಸಿಎಂಟಿಐ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ. ಮೆಷಿನ್ ಮಾಡುವ ಮೆಷಿನ್ನುಗಳ ಊರಾಯಿತು ಬೆಂಗಳೂರು. ನಮ್ಮ ಕಡೆಗೂ ಲೋಹದ ನಂಟು ಹೊಸದಲ್ಲ. ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಅದಿರೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಹೋಗುತ್ತಿದ್ದದ್ದು. ಅಲ್ಲಿ ಕಬ್ಬಿಣ ಹರಿಯತೊಡಗಿದ್ದು 1923ರಲ್ಲಿ. ಭದ್ರಾವತಿ ದಾಟಿ ಶಿವಮೊಗ್ಗದ ಕಡೆ ಹೊರಟರೆ ಸಿಗುವ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೂ ಶಿವಮೊಗ್ಗದ ಫೌಂಡ್ರಿಗಳಿಗೂ ತರೀಕೆರೆ ಕಡೆಯಿಂದ ದಿನಾ ಕೆಲಸಕ್ಕೆ ಹೋಗಿಬರುವವರಿದ್ದಾರೆ. ಅಡಿಕೆ, ತೆಂಗಿನ ನಡುವೆ ಸಿಎನ್‌ಸಿ ಮಾತಾಡುವವರು ಸಿಕ್ಕರೆ ಆಶ್ಚರ್ಯಪಡಬೇಕಾದ್ದಿಲ್ಲ.

ಫೈಲು ಒಡೆಯುವುದರಲ್ಲಿ ಒಳ್ಳೆಯದಷ್ಟೇ ಇದೆ ಎಂದುಕೊಂಡರೆ ಅದು ಅರ್ಧ ಸತ್ಯ. ಇನ್ನರ್ಧವನ್ನು ನಾನು ಕಲಿತದ್ದು ಪೀಣ್ಯದ ಒಂದು ಶಾಪಿನಲ್ಲಿ, ಜಾಬನ್ನು ಹಿಡಿದಿಡುವ ಒಂದು ವೈಸನ್ನು ಹಾಳುಮಾಡಿ.

ಅಲ್ಲಿ ಒಂದು ಉಪಪ್ರೋಗ್ರಾಂ ಇತ್ತು, ಉದ್ದನೆಯ ಕಾಲುವೆಯನ್ನು ಎರಡೆರಡು ಮಿ.ಮೀ. ಇಳಿಯುತ್ತ ಕೊರೆಯುವಂಥದ್ದು. ಇಂಥ ಕೆಲಸಕ್ಕೆ ಜಿ91 ಅನುಕೂಲ. ಜಿ90 ಎಂದಾಗ ಮೆಷಿನ್ ಅಂಕಿಗಳನ್ನು ವಿಳಾಸವೆಂದು ಓದುತ್ತದೆ: ಎಕ್ಸ್250 ಎಂದರೆ 250ನೇ ಮನೆಗೆ ಹೋಗು. ಜಿ91 ಎಂದಾಗ ಅದೇ ಅಂಕಿ ಹೆಜ್ಜೆಯ ಲೆಕ್ಕವಾಗುತ್ತದೆ: ನಿಂತಲ್ಲಿಂದ 250 ಹೆಜ್ಜೆ ಮುಂದೆ ನಡೆ. ಆ ಉಪಪ್ರೋಗ್ರಾಂ ಜಿ91 ಹಾಕಿಕೊಂಡು ಕೆಲಸ ಮುಗಿಸಿ, ಜಿ90ಗೆ ಮರಳದೆ ಎಂ99 ಹೇಳಿಬಿಡುತ್ತಿತ್ತು. ಎರಡು ವರ್ಷ ಏನೂ ಆಗಿರಲಿಲ್ಲ. ಏಕೆಂದರೆ ಅದನ್ನು ಕರೆಯುತ್ತಿದ್ದ ಹಳೆಯ ಮುಖ್ಯ ಪ್ರೋಗ್ರಾಂ ಬರೆದವರು ಹಳಬರು, ಪ್ರತಿ ಕರೆಯ ಕೆಳಗೂ ಅಭ್ಯಾಸಬಲದಿಂದ ಜಿ90 ಹಾಕಿದ್ದರು. ನಾನು ಹೊಸ ಜಾಬಿಗೆ ಹೊಸ ಮುಖ್ಯ ಪ್ರೋಗ್ರಾಂ ಬರೆದೆ. ಪರೀಕ್ಷೆಯಾದ ಉಪಪ್ರೋಗ್ರಾಂ ಇದೆಯಲ್ಲ ಎಂದು ನಂಬಿ ಕರೆದೆ. ಟೂಲ್ ಎಕ್ಸ್180ರಲ್ಲಿತ್ತು. ಮುಂದಿನ ಸಾಲು ಜಿ00 ಎಕ್ಸ್250. ಎಪ್ಪತ್ತು ಮಿ.ಮೀ. ಸರಿಯಬೇಕಿದ್ದದ್ದು ಎಕ್ಸ್430ಕ್ಕೆ ಹಾರಿತು. ಆ ದಾರಿಯಲ್ಲಿ ವೈಸಿನ ದವಡೆ ಇತ್ತು. ಆ ಸದ್ದು ಕೇಳಿದವರಿಗೇ ಗೊತ್ತು. ಇಡೀ ಶಾಪ್ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಎಲ್ಲರೂ ಒಂದೇ ಕಡೆ ತಿರುಗುತ್ತಾರೆ.

ಫೈಲುಗಳು ಬೇರೆಬೇರೆಯಾದರೂ ಮೆಷಿನ್ನಿನ ಮನಸ್ಸು ಒಂದೇ. ಒಂದು ಫೈಲಿನಲ್ಲಿ ಹಾಕಿದ ಜಿ91, ಒಂದು ಫೈಲಿನಲ್ಲಿ ಬದಲಿಸಿದ ಜಿ55, ಒಂದರಲ್ಲಿ ಆರಿಸಲು ಮರೆತ ಕೂಲಂಟ್, ಎಲ್ಲವೂ ಮುಂದಿನ ಫೈಲಿಗೆ ದಾಟಿಕೊಂಡು ಬರುತ್ತವೆ. ಪಕ್ಕದ ಮನೆಗೆ ಒರಳು ಕೇಳಿಕೊಂಡು ಹೋದವರು ರುಬ್ಬಿದ ಮೇಲೆ ತೊಳೆದಿಟ್ಟು ಬರಬೇಕು. ಪ್ರೋಗ್ರಾಮಿನಲ್ಲಿ ಅದನ್ನು ಮಾಡುವ ಕ್ರಮವೂ ಇದೆ. ಫ್ಯಾನುಕ್ ಮಿಲ್ಲಿಂಗ್ ಕಂಟ್ರೋಲಿನಲ್ಲಿ #4003 ಎಂಬ ಜಾಗದಲ್ಲಿ ಈಗ ನಡೆಯುತ್ತಿರುವುದು 90ಓ 91ಓ ಎಂಬುದು ಸದಾ ಇರುತ್ತದೆ. ಒಳಗೆ ಬಂದ ಕೂಡಲೇ ಅದನ್ನು ತನ್ನದೊಂದು ಡಬ್ಬಿಯಲ್ಲಿ ಎತ್ತಿಟ್ಟುಕೊಂಡು, ಹೊರಡುವ ಮುನ್ನ ಇದ್ದ ಹಾಗೇ ಹಾಕಿ ಹೊರಟರೆ ಆಯಿತು. ಕರೆದವನು ಯಾವ ಲೆಕ್ಕದಲ್ಲಿದ್ದನೋ ಅದೇ ಲೆಕ್ಕ ಅವನಿಗೆ ಮರಳಿ ಸಿಗುತ್ತದೆ.

ತನ್ನದೊಂದು ಡಬ್ಬಿ ಎಂದೆನಲ್ಲ, ಅಲ್ಲೂ ಒಂದು ಮೋಸವಿದೆ. #1ರಿಂದ #33ರವರೆಗಿನವು ಸ್ವಂತದ ಡಬ್ಬಿಗಳು ಎನ್ನುತ್ತಾರೆ. ಆದರೆ ಎಂ98ರಲ್ಲಿ ಕರೆದರೆ ಉಪಪ್ರೋಗ್ರಾಂ ಕರೆದವನ ತಟ್ಟೆಯಲ್ಲೇ ಉಣ್ಣುತ್ತದೆ, ಅವನ #10ರಲ್ಲಿ ಇದ್ದದ್ದನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ಜಿ65ರಲ್ಲಿ ಕರೆದರೆ ಮಾತ್ರ ಬೇರೆ ತಟ್ಟೆ, ಜೊತೆಗೆ ಬೇಕಾದ್ದನ್ನು ಬಡಿಸಿ ಕಳಿಸುವ ಸೌಕರ್ಯ. ಫ್ಲ್ಯಾಂಜಿನ ತೂತುಗಳಿಗೆ ಆರು ಸಾಲು ಅಂಕಿಯ ಬದಲು ಒಂದು ಮ್ಯಾಕ್ರೋ ಬರೆದು, ತ್ರಿಜ್ಯ ಇಷ್ಟು, ತೂತು ಇಷ್ಟು, ಶುರುವಾಗುವ ಕೋನ ಇಷ್ಟು ಎಂದು ಒಂದೇ ಸಾಲಿನಲ್ಲಿ ಕೊಟ್ಟರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಆಗ 125 ಆಗಲಿ 130 ಆಗಲಿ, ತಿದ್ದುವುದು ಒಂದು ಅಂಕಿ. ಇನ್ನು #500ರ ಸಾಲಿನವು ಊರೊಟ್ಟಿನವು, ಕರೆಂಟು ಹೋದರೂ ಅಳಿಯುವುದಿಲ್ಲ. ನಮ್ಮ ಕಡೆ ಕರೆಂಟಿನ ಸ್ಥಿತಿ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಆದರೆ ಒಂದು ಫೈಲು #500ರಲ್ಲಿ ಜಾಬ್ ಎಣಿಕೆ ಇಟ್ಟು, ಇನ್ನೊಂದು ಅದೇ #500ರಲ್ಲಿ ಟೂಲಿನ ಉದ್ದ ಇಟ್ಟರೆ? ಯಾವ ಡಬ್ಬಿ ಯಾರದು ಎಂದು ಒಂದು ಹಾಳೆಯಲ್ಲಿ ಬರೆದು ಮೆಷಿನ್ನಿಗೆ ಅಂಟಿಸಿಡಬೇಕು. ಇದಕ್ಕೆ ಬೇರೆ ಜಾಣ ದಾರಿ ನನಗೆ ಸಿಕ್ಕಿಲ್ಲ.

ಹಾಗಾದರೆ ಯಾವುದನ್ನು ಎಲ್ಲಿ ಒಡೆಯಬೇಕು? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸಾಲು ನಾಳೆ ಬದಲಾದರೆ ಯಾರ ಕಾರಣಕ್ಕೆ ಬದಲಾಗುತ್ತದೆ? ಗಿರಾಕಿಯ ಡ್ರಾಯಿಂಗ್ ಕಾರಣಕ್ಕಾದರೆ ಅದು ಜಾಬಿನ ಫೈಲಿನಲ್ಲಿರಲಿ. ಮೆಷಿನ್ ಬದಲಾದದ್ದಕ್ಕಾದರೆ ಮೆಷಿನ್ನಿನ ಫೈಲಿನಲ್ಲಿ. ಎರಡೂ ಅಲ್ಲದೆ ಶಾಪಿನ ಕೆಲಸದ ಕ್ರಮ ಬದಲಾದದ್ದಕ್ಕಾದರೆ ಎಲ್ಲರಿಗೂ ಸೇರಿದ ಫೈಲಿನಲ್ಲಿ. ಉದಾಹರಣೆಗೆ, ಟೂಲ್ ಬದಲಿಸುವ ಮುನ್ನ ಸುರಕ್ಷಿತ ಜಾಗಕ್ಕೆ ಸರಿಯುವುದು. ಆ ಜಾಗ ಒಂದೊಂದು ಮೆಷಿನ್ನಿಗೂ ಬೇರೆ. ಅದನ್ನು ಪ್ರತಿ ಜಾಬಿನಲ್ಲೂ ಅಂಕಿಯಾಗಿ ಬರೆದರೆ ಮೆಷಿನ್ ಬದಲಿಸಿದ ದಿನ ಎಲ್ಲ ಜಾಬುಗಳನ್ನೂ ತಿದ್ದಬೇಕು. ಬದಲಿಗೆ ಪ್ರತಿ ಮೆಷಿನ್ನಿನಲ್ಲೂ ಓ8001 ಎಂಬ ಹೆಸರಿನಲ್ಲಿ ಅದರದರ ಜಾಗ ಬರೆದಿಟ್ಟರೆ ಜಾಬಿನ ಫೈಲು "ಎಂ98 ಪಿ8001" ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಕಡೂರಿನಲ್ಲಿ ಆಟೋ ಹತ್ತಿ ಬಸ್ ಸ್ಟ್ಯಾಂಡ್ ಎಂದರೆ ಕಡೂರಿನದಕ್ಕೆ ಬಿಡುತ್ತಾನೆ, ತರೀಕೆರೆಯಲ್ಲಿ ಅದೇ ಮಾತಿಗೆ ತರೀಕೆರೆಯದಕ್ಕೆ, ಅಜ್ಜಂಪುರದಲ್ಲಿ ಅಜ್ಜಂಪುರದ್ದಕ್ಕೆ. ಹತ್ತಿದವನು ದಾರಿ ಹೇಳಬೇಕಾಗಿಲ್ಲ.

ಫ್ಯಾನುಕ್‌ನಲ್ಲಿ 8000 ಮತ್ತು 9000ದ ಸಾಲಿನ ಅಂಕಿಗಳಿಗೆ ಬೀಗ ಹಾಕುವ ಸೌಲಭ್ಯವಿದೆ. ಒಂದು ಪ್ಯಾರಾಮೀಟರ್ ಬದಲಿಸಿದರೆ ಆ ಪ್ರೋಗ್ರಾಂಗಳನ್ನು ಯಾರೂ ತಿದ್ದಲಾಗದು. ರಾತ್ರಿ ಪಾಳಿಯ ಕುತೂಹಲದಿಂದ ಸಾಮಾನ್ಯ ಫೈಲುಗಳನ್ನು ಕಾಪಾಡಲು ಇದು ಸಾಕು. ನನ್ನ ಅನುಭವದಲ್ಲಿ ರಾತ್ರಿ ಪಾಳಿಯವರ ತಿದ್ದುಪಡಿಗಳಲ್ಲಿ ಅರ್ಧಕ್ಕೂ ಹೆಚ್ಚು ಸರಿಯಾಗಿಯೇ ಇರುತ್ತವೆ, ಕಷ್ಟವೆಂದರೆ ಅವು ಬೆಳಿಗ್ಗೆ ಯಾರಿಗೂ ಗೊತ್ತಿರುವುದಿಲ್ಲ. ಮೆಷಿನ್ನಿನಲ್ಲಿ ಒಂದು, ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು. ಮೂರರಲ್ಲಿ ಯಾವುದು ನಿಜ ಎಂಬುದು ಆ ಆಪರೇಟರ್ ರಜೆಯಲ್ಲಿದ್ದಾಗಲೇ ಬೇಕಾಗುತ್ತದೆ.

ಅಂಕಿಯ ಬದಲು ಹೆಸರಿನಿಂದ ಕರೆಯುವ ಕಂಟ್ರೋಲುಗಳೂ ಇವೆ. ಸೀಮೆನ್ಸ್‌ನ ಸಿನುಮೆರಿಕ್‌ನಲ್ಲಿ ಮುಖ್ಯ ಪ್ರೋಗ್ರಾಂಗಳಿಗೆ ಎಂಪಿಎಫ್, ಉಪಪ್ರೋಗ್ರಾಂಗಳಿಗೆ ಎಸ್‌ಪಿಎಫ್ ಎಂಬ ಬಾಲ. ಹೆಸರು ಬರೆದರೆ ಸಾಕು, ಹುಡುಕಿಕೊಂಡು ಹೋಗುತ್ತದೆ. ಮೊದಲು ಅದೇ ಜಾಬಿನ ಫೋಲ್ಡರಿನಲ್ಲಿ, ಅಲ್ಲಿಲ್ಲದಿದ್ದರೆ ಎಲ್ಲರಿಗೂ ಸೇರಿದ ಉಪಪ್ರೋಗ್ರಾಂಗಳ ಫೋಲ್ಡರಿನಲ್ಲಿ. ಪುಕ್ಕಟೆ ಸಿಗುವ ಲಿನಕ್ಸ್‌ಸಿಎನ್‌ಸಿಯಲ್ಲೂ ಬೇರೆ ಫೈಲಿನಲ್ಲಿರುವ ಉಪಪ್ರೋಗ್ರಾಮಿನ ಹೆಸರು ಮತ್ತು ಫೈಲಿನ ಹೆಸರು ಒಂದೇ ಆಗಿರಬೇಕು, ಯಾವ ಫೋಲ್ಡರುಗಳಲ್ಲಿ ಹುಡುಕಬೇಕೆಂದು ಮೊದಲೇ ಬರೆದಿಡಬೇಕು. ಈ ಹುಡುಕುವ ಕ್ರಮ ಗೊತ್ತಿಲ್ಲದೆ ಹೋದರೆ ಅನಾಹುತ. ಯಾವಾಗಲೋ ಪರೀಕ್ಷೆಗೆಂದು ಸಾಮಾನ್ಯ ಫೈಲನ್ನು ಜಾಬಿನ ಫೋಲ್ಡರಿಗೆ ನಕಲು ಮಾಡಿ ಮರೆತಿರುತ್ತೇವೆ. ಆರು ತಿಂಗಳ ಮೇಲೆ ಸಾಮಾನ್ಯ ಫೈಲಿನಲ್ಲಿ ತಪ್ಪು ತಿದ್ದುತ್ತೇವೆ, ಎಲ್ಲ ಜಾಬುಗಳೂ ಸರಿಯಾಗುತ್ತವೆ, ಆ ಒಂದು ಜಾಬ್ ಬಿಟ್ಟು. ಅದು ಮನೆಯೊಳಗಿನ ಹಳೆ ಪ್ರತಿಯನ್ನೇ ಓದುತ್ತಿರುತ್ತದೆ, ಊರಿನ ಸುದ್ದಿ ಅದಕ್ಕೆ ಮುಟ್ಟಿರುವುದಿಲ್ಲ.

ಅಚ್ಚು ಮಾಡುವ ಶಾಪುಗಳ ಕಥೆ ಇನ್ನೊಂದು. ಅಲ್ಲಿ ವಕ್ರ ಮೇಲ್ಮೈಗಳ ಪ್ರೋಗ್ರಾಂ ಕೈಯಲ್ಲಿ ಬರೆಯುವಂಥದ್ದಲ್ಲ. ಕ್ಯಾಮ್ ಸಾಫ್ಟ್‌ವೇರ್ ಲಕ್ಷಗಟ್ಟಲೆ ಸಾಲು ಉಗುಳುತ್ತದೆ. ಅದನ್ನು ಯಾರೂ ಓದುವುದಿಲ್ಲ, ಹಾಗಾಗಿ ಅಲ್ಲಿ ಒಡೆಯುವ ಉದ್ದೇಶ ಓದಲು ಅಲ್ಲ, ಮತ್ತೆ ಶುರುಮಾಡಲು. ಒಂದು ಟೂಲಿಗೆ ಒಂದು ಫೈಲು. ನಡುರಾತ್ರಿ ಮೂರನೇ ಟೂಲಿನ ಇನ್ಸರ್ಟ್ ಚಿಪ್ ಆದರೆ ಮೂರನೇ ಫೈಲಿನಿಂದ ಹೊರಟರಾಯಿತು. ಮುಖ್ಯ ಪ್ರೋಗ್ರಾಂ ಹತ್ತೇ ಸಾಲಿನದು, ಒಂದೊಂದನ್ನೇ ಕಾರ್ಡಿನಿಂದ ಕರೆಯುತ್ತದೆ. ಫ್ಯಾನುಕ್‌ನಲ್ಲಿ ಇದಕ್ಕೆ ಎಂ198, ಸೀಮೆನ್ಸ್‌ನಲ್ಲಿ ಎಕ್ಸ್ಟ್‌ಕಾಲ್.

ಇಷ್ಟು ಹೇಳಿ ಒಂದು ದೂರನ್ನೂ ಹೇಳಬೇಕು. ಒಡೆಯುವ ಚಟ ಹತ್ತಿದವರೂ ಇದ್ದಾರೆ. ನಲವತ್ತು ಸಾಲಿನ ಒಂದು ಬುಷ್‌ಗೆ ಹದಿನಾಲ್ಕು ಫೈಲು ಮಾಡಿದವರನ್ನು ನೋಡಿದ್ದೇನೆ. ಆಪರೇಟರ್ ಸಿಂಗಲ್ ಬ್ಲಾಕ್ ಹಾಕಿಕೊಂಡು ಒಂದೊಂದೇ ಸಾಲು ಒತ್ತುತ್ತಾನೆ, ಪರದೆ ಆ ಫೈಲಿನಿಂದ ಈ ಫೈಲಿಗೆ ಹಾರುತ್ತಿರುತ್ತದೆ, ಮುಂದಿನ ಸಾಲು ಏನೆಂದು ಅವನಿಗೆ ಕಾಣುವುದಿಲ್ಲ. ಕಾಣದೆ ಇದ್ದರೆ ಎಮರ್ಜೆನ್ಸಿ ಗುಂಡಿಯ ಮೇಲಿನ ಕೈ ತೆಗೆಯುವುದು ಹೇಗೆ? ಹಳೆಯ ಕಂಟ್ರೋಲುಗಳಲ್ಲಿ ಕರೆಯೊಳಗೆ ಕರೆ ನಾಲ್ಕು ಮಟ್ಟಕ್ಕಿಂತ ಆಳ ಹೋಗುವಂತಿರಲಿಲ್ಲ. ಮಿತಿ ಇದ್ದದ್ದು ಒಳ್ಳೆಯದೇ ಎನಿಸುತ್ತದೆ. ಲೇತಿನ ಸಣ್ಣ ಜಾಬುಗಳಿಗೆ ಒಂದೇ ಫೈಲು ಸಾಕು. ಅದನ್ನು ಒಡೆಯಬೇಕೆನ್ನುವವರ ಜೊತೆ ನಾನು ಜಗಳಕ್ಕೂ ತಯಾರು.

ಇನ್ನೊಂದು ಅಪಾಯ, ಉಪಪ್ರೋಗ್ರಾಮನ್ನೇ ಮುಖ್ಯ ಪ್ರೋಗ್ರಾಂ ಎಂದುಕೊಂಡು ತೆರೆದು ಹಸಿರು ಗುಂಡಿ ಒತ್ತುವುದು. ಅದರ ಕೊನೆಯಲ್ಲಿ ಎಂ99 ಇದೆ. ಯಾರೂ ಕರೆಯದೇ ಬಂದವನಿಗೆ ವಾಪಸ್ ಹೋಗಲು ಊರಿಲ್ಲ, ಆದ್ದರಿಂದ ತನ್ನದೇ ಮೊದಲ ಸಾಲಿಗೆ ಹೋಗುತ್ತದೆ, ಮತ್ತೆ ಮೊದಲಿನಿಂದ, ಮತ್ತೆ ಮೊದಲಿನಿಂದ. ಬಾರ್ ಫೀಡರ್ ಇರುವ ಲೇತುಗಳಲ್ಲಿ ಇದನ್ನೇ ಬೇಕೆಂದು ಬಳಸುತ್ತಾರೆ, ಜಾಬ್ ಮೇಲೆ ಜಾಬ್ ಬೀಳುತ್ತಿರಲಿ ಎಂದು. ಇದರ ಉಲ್ಟಾ, ಉಪಪ್ರೋಗ್ರಾಮಿನ ಕೊನೆಗೆ ಎಂ99ರ ಬದಲು ಎಂ30 ಬರೆದರೆ ಶಿವಮೊಗ್ಗಕ್ಕೆ ಹೋದ ಗಾಡಿ ಬೀರೂರಿಗೆ ಬರುವುದೇ ಇಲ್ಲ. ಒಂದು ಟೂಲಿನ ಕೆಲಸವಾದ ಮೇಲೆ ಮೆಷಿನ್ ಹಳದಿ ದೀಪ ಹಾಕಿ ನೆಮ್ಮದಿಯಾಗಿ ನಿಂತಿರುತ್ತದೆ. ಹೊಸ ಆಪರೇಟರ್ ಜಾಬ್ ಮುಗಿಯಿತೆಂದು ಬಿಚ್ಚಿಯೂ ಬಿಡುತ್ತಾನೆ.

ಪ್ರತಿ ಫೈಲಿನ ನೆತ್ತಿಯ ಮೇಲೆ ಆವರಣದೊಳಗೆ ಟಿಪ್ಪಣಿ ಬರೆಯಬಹುದು, ಮೆಷಿನ್ ಅದನ್ನು ಓದದೆ ದಾಟುತ್ತದೆ. ಯಾವ ಜಾಬ್, ಡ್ರಾಯಿಂಗಿನ ಎಷ್ಟನೇ ತಿದ್ದುಪಡಿ, ಯಾರು ಬರೆದದ್ದು, ಯಾವ ದಿನ, ಯಾರನ್ನು ಕರೆಯುತ್ತದೆ, ಯಾರಿಂದ ಕರೆಸಿಕೊಳ್ಳುತ್ತದೆ. ಇದನ್ನು ತಮ್ಮನಿಗೆ ಹೇಳುವಾಗ ನನಗೆ ತರೀಕೆರೆ ಬಳಿಯ ಅಮೃತಾಪುರ ನೆನಪಾಯಿತು. ಮರುದಿನ ಹೇಗೂ ತರೀಕೆರೆಗೆ ಹೋಗುವುದಿತ್ತು, ಅವನನ್ನೂ ಕರೆದುಕೊಂಡು ಹೋದೆ.

ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಮಂಟಪದ ತುಂಬ ಲೇತಿಗೆ ಹಾಕಿ ತಿರುಗಿಸಿದಂತೆ ಕಡೆದ ನುಣುಪು ಕಂಬಗಳು. ಕಂಬದಿಂದ ಕಂಬಕ್ಕೆ ಅದೇ ಗಂಟು, ಅದೇ ಕೊರಳು, ಅದೇ ಗಂಟೆಯ ಆಕಾರ. ಟರ್ನರ್ ಆದವನು ಅವುಗಳ ಮುಂದೆ ಕೈ ಜೇಬಿನಲ್ಲಿಟ್ಟುಕೊಂಡು ನಿಲ್ಲಲಾರ, ಬೆರಳು ತಾನಾಗಿ ಅಂಚು ಸವರುತ್ತದೆ. ತಮ್ಮನೂ ಸವರಿದ. ಹೊಯ್ಸಳ ಶಿಲ್ಪಿಗಳಲ್ಲಿ ಹೆಸರು ಕೆತ್ತುವ ರೂಢಿ ಇತ್ತು. ಮುಂದೆ ದೊಡ್ಡ ಹೆಸರು ಮಾಡಿದ ರೂವಾರಿ ಮಲ್ಲಿತಮ್ಮ ಮೊದಲು ಕೈಹಚ್ಚಿದ್ದು ಈ ಮಂಟಪದ ಗುಮ್ಮಟದ ಚಾವಣಿಗಳಲ್ಲೇ ಎನ್ನುತ್ತಾರೆ. ಅಲ್ಲಿನ ಶಾಸನದ ಪದ್ಯಗಳು ಕವಿ ಜನ್ನನವು.

ಹೊರಗೋಡೆಯ ಮೇಲೆ 140 ಫಲಕಗಳಿವೆ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45, ಪ್ರದಕ್ಷಿಣೆಯ ದಿಕ್ಕಿನಲ್ಲಿ. ದಕ್ಷಿಣದಲ್ಲಿ ರಾಮಾಯಣಕ್ಕೆ 70, ಅದು ಮಾತ್ರ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಗೊತ್ತಿಲ್ಲದೆ ರೂಢಿಯ ದಿಕ್ಕಿನಲ್ಲೇ ಓದುತ್ತ ಹೋದವರಿಗೆ ಕಥೆ ಹಿಂದುಮುಂದಾಗುತ್ತದೆ.

"ಇದು ಜಿ03" ಎಂದ ತಮ್ಮ. ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವ ಆಜ್ಞೆ. ನನಗೂ ಅದೇ ಹೊಳೆದಿತ್ತು, ಅವನು ಮೊದಲು ಹೇಳಿಬಿಟ್ಟ.

ಸಂಜೆ ಕಡೂರಿಗೆ ಮರಳಿ ಕೂತೆವು. ಮೂವತ್ತೇಳು ಫೈಲುಗಳಲ್ಲಿ ಒಂಬತ್ತು ಉಳಿದವು. ನಾಲ್ಕು ಜಾಬಿನವು, ಮೂರು ಮೆಷಿನ್ನಿನವು, ಎರಡು ಎಲ್ಲದಕ್ಕೂ ಬೇಕಾದವು. ಪ್ರತಿಯೊಂದರ ನೆತ್ತಿಗೂ ಅವನ ಹೆಸರು, ತಾರೀಖು. ಕನ್ನಡದಲ್ಲಿ ಬರೆಯಲು ಆ ಹಳೆಯ ಕಂಟ್ರೋಲ್ ಬಿಡುವುದಿಲ್ಲ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ತನ್ನ ಹೆಸರನ್ನು ಕೂಡಿಸಿಕೊಂಡ. ಹೊಸ ಪ್ರೋಗ್ರಾಂ ಹಾಕಿ, ಟೂಲನ್ನು ಜಾಬಿನಿಂದ ನೂರು ಮಿ.ಮೀ. ಮೇಲೆತ್ತಿ, ಗಾಳಿಯಲ್ಲಿ ಒಂದು ಸುತ್ತು ಓಡಿಸಿದೆವು. ಮೂರು ಟೂಲೂ ನಾಲ್ಕೂ ಜಾಬುಗಳ ಮೇಲೆ ಅದೇ ಆರು ಜಾಗಗಳಲ್ಲಿ ಬಗ್ಗಿ ಎದ್ದು ಹೋದವು.

ಹೊರಡುವಾಗ ರೈಲಿನ ಹೊತ್ತಾಗಿತ್ತು. ಸ್ಟೇಷನ್ನಿಗೆ ಬೈಕಿನಲ್ಲಿ ಬಿಡಲು ಬಂದವನನ್ನು ಕೇಳಿದೆ, "ಆ ಓ0001 ಅಳಿಸಿದ್ಯೇನೋ?"

"ಇಲ್ಲಣ್ಣ" ಎಂದ. "ಮೆಷಿನ್ ಜೊತೆಗೇ ಬಂದಿದ್ದಲ್ವಾ, ಇರ್ಲಿ ಅಂತ."